ಒಂದು ನೋಟ್‌ಬುಕ್, ಇಬ್ಬರ ಗೀತೆ

ಮಗಳು ಓದಲು ಪುಣೆಗೆ ಹೋದ ಮೇಲೆ ರಾತ್ರಿ ಊಟವಾದರೆ ನಮ್ಮ ಮನೆಯಲ್ಲಿ ಟಿವಿಯದ್ದೊಂದೇ ಮಾತು. ಅಂಥ ಒಂದು ದಿನ "ಭಗವದ್ಗೀತೆ ಒಟ್ಟಿಗೆ ಓದೋಣ್ವಾ?" ಅಂತ ಇವರೇ ಕೇಳಿದರು. ನಾನು ಅಜ್ಜನ ಹತ್ತಿರ ಬಾಯಿಪಾಠ ಮಾಡಿದವಳು, ಅರ್ಥ ಗೊತ್ತಿಲ್ಲ. ಇವರಿಗೆ ಅರ್ಥದ ಆಸೆ, ಸಂಸ್ಕೃತ ನಾಲಿಗೆ ಮೇಲೆ ಹೊರಳದು.

ಹನ್ನೆರಡನೇ ಅಧ್ಯಾಯದಿಂದ ಶುರು ಮಾಡಿದೆವು. ಅದರಲ್ಲಿರೋದು 20 ಶ್ಲೋಕ. ಮೊದಲನೇ ಅಧ್ಯಾಯ ಹಿಡಿದವರು ಯೋಧರ ಹೆಸರು, ಶಂಖಗಳ ಹೆಸರಿನಲ್ಲೇ ಸುಸ್ತಾಗಿ ಬಿಟ್ಟುಬಿಡೋದನ್ನು ನೋಡಿದ್ದೆ. ದಿನಕ್ಕೆ ಒಂದೇ ಶ್ಲೋಕ. ನಾನು ಹೇಳೋದು, ಇವರು ಪದ ಬಿಡಿಸೋದು, ಆಮೇಲೆ ಇಬ್ಬರೂ ಸೇರಿ ಅನ್ವಯ, ಅಂದರೆ ಪದಗಳನ್ನು ಅರ್ಥವಾಗುವ ಕ್ರಮಕ್ಕೆ ಜೋಡಿಸೋದು. 'ಭಕ್ತಾಸ್ತ್ವಾಂ' ಒಂದೇ ಪದ ಅಂತ ನಲವತ್ತು ವರ್ಷ ಅಂದುಕೊಂಡಿದ್ದೆ. ಇವರು ಪೆನ್ಸಿಲ್‌ನಲ್ಲಿ ನಡುವೆ ಗೆರೆ ಎಳೆದು 'ಭಕ್ತಾಃ, ತ್ವಾಂ' ಅಂತ ಬರೆದಾಗ ಅರ್ಜುನ ಎದುರಿಗೇ ಕೂತು 'ನಿನ್ನನ್ನು' ಅಂದಂತಾಯಿತು.

ಅದೇ ಶ್ಲೋಕದಲ್ಲಿ 'ಅವ್ಯಕ್ತ', ಅಂದರೆ ಕಣ್ಣಿಗೆ ಕಾಣದ್ದು, ಅನ್ನುವ ಪದ ಬರುತ್ತದೆ. ನಮ್ಮ ತವರಿನವರು ಮಾಧ್ವರು, ಇವರ ಮನೆಯವರು ಶಂಕರರನ್ನು ಅನುಸರಿಸುವ ಸ್ಮಾರ್ತರು. ಶಂಕರರ ಭಾಷ್ಯದಲ್ಲಿ ಅದು ನಿರ್ಗುಣ ಬ್ರಹ್ಮ, ಅಂದರೆ ಗುಣ, ರೂಪ ಇಲ್ಲದ ಪರತತ್ತ್ವ. ಮಧ್ವರಲ್ಲಿ ಅದು ಶ್ರೀತತ್ತ್ವ, ಅಂದರೆ ಲಕ್ಷ್ಮಿ. ಒಂದೇ ಪದಕ್ಕೆ ಎರಡು ಮನೆಯ ಎರಡು ಅರ್ಥ! ಯಾರದ್ದು ಸರಿ ಅಂತ ತೀರ್ಮಾನಕ್ಕೆ ಹೋಗಲಿಲ್ಲ. ನೋಟ್‌ಬುಕ್‌ನಲ್ಲಿ ಎರಡನ್ನೂ ಬರೆದು, ಕೆಳಗೆ ನಮಗೆ ತೋಚಿದ್ದು ಬರೆದೆವು. ಆವತ್ತಿನಿಂದ ಅದೇ ಪದ್ಧತಿಯಾಯಿತು: ಎಡಪುಟದಲ್ಲಿ ಪದ, ಅನ್ವಯ, ಬಲಪುಟದಲ್ಲಿ ಇಬ್ಬರ ಸಂದೇಹ. ಇಬ್ಬರೂ ಬರೆಯುವವರೆಗೆ ಭಾಷ್ಯ ತೆರೆಯುವಂತಿಲ್ಲ. ಮೊದಲೇ ತೆರೆದರೆ ನಮ್ಮ ಪ್ರಶ್ನೆ ಹುಟ್ಟೋದೇ ಇಲ್ಲ.

ಜಗಳ ಆದದ್ದು ಅರ್ಥದ ಮೇಲಲ್ಲ, ಉಚ್ಚಾರದ ಮೇಲೆ. ಎರಡನೇ ಅಧ್ಯಾಯಕ್ಕೆ ಬಂದಾಗ ಇವರೂ ಶ್ಲೋಕ ಹೇಳಲು ಶುರು ಮಾಡಿದ್ದರು. 'ಧೀರ' ಅನ್ನೋದು 'ದೀರ' ಆಯಿತು, 'ಶ'ಕಾರ 'ಸ'ಕಾರವಾಯಿತು. ನಾನು ಪ್ರತಿ ಸಾಲಿಗೂ ನಿಲ್ಲಿಸಿ ತಿದ್ದಿದೆ. ಒಂದು ರಾತ್ರಿ ಇವರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಅದರ ಮೇಲಿಟ್ಟು, "ನೀನೇ ಓದ್ಕೋ ಕಣೆ" ಅಂದರು. ದನಿ ಏರಿಸಲಿಲ್ಲ. ನಾಲ್ಕು ದಿನ ಓದು ನಿಂತಿತು. ಐದನೇ ದಿನ ನಾನೇ ಕರೆದೆ: "ಬನ್ನಿ, ಮಧ್ಯೆ ಬಾಯಿ ಹಾಕಲ್ಲ." ಶ್ಲೋಕ ಪೂರ್ತಿ ಮುಗಿದ ಮೇಲೆ ನಾನು ಇನ್ನೊಮ್ಮೆ ಹೇಳೋದು, ಇವರು ಕೇಳಿಸಿಕೊಂಡು ಮತ್ತೆ ಹೇಳೋದು. ತಿದ್ದುವ ಕೆಲಸ ಅಷ್ಟರಲ್ಲೇ ಆಗುತ್ತಿತ್ತು.

700 ಶ್ಲೋಕಕ್ಕೆ ಮೂರು ವರ್ಷ ದಾಟಿತು. ಹಬ್ಬ, ಜ್ವರ, ಮಗಳು ಬಂದ ವಾರಗಳು ಎಲ್ಲ ಸೇರಿ. ಹದಿನೇಳನೇ ಅಧ್ಯಾಯದ 15ನೇ ಶ್ಲೋಕದ ದಿನ ನಾನು ಪದ ಬಿಡಿಸುತ್ತಿದ್ದೆ. 'ಅನುದ್ವೇಗಕರಂ ವಾಕ್ಯಂ', ಕೇಳಿದವರ ಮನಸ್ಸು ಕದಡದ ಮಾತು. ಅದೇ ಶ್ಲೋಕದ ಎರಡನೇ ಸಾಲಿನಲ್ಲಿ 'ಸ್ವಾಧ್ಯಾಯಾಭ್ಯಸನಂ', ಶಾಸ್ತ್ರ ಓದುವ ಅಭ್ಯಾಸ. ಎರಡೂ ಒಟ್ಟಿಗೆ ಸೇರಿ ಮಾತಿನ ತಪಸ್ಸು. ನನ್ನ ಕೈ ನಿಂತಿತು. ಇವರು ಸುಮ್ನೆ ನೋಟ್‌ಬುಕ್ ತಮ್ಮ ಕಡೆ ಎಳೆದುಕೊಂಡು, ಉಳಿದ ಪದಗಳನ್ನು ತಾವೇ ಬರೆದರು.

ಈಗ ಎರಡನೇ ಸುತ್ತು. ಶ್ಲೋಕ ಹೇಳೋದು ಇವರ ಪಾಲು. ಸ್ಥಿತಪ್ರಜ್ಞ, ಅಂದರೆ ಬುದ್ಧಿ ಅಲುಗದೆ ನಿಂತವನು, ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಅಂತ ಅರ್ಜುನ ಎರಡನೇ ಅಧ್ಯಾಯದಲ್ಲಿ ಕೇಳುತ್ತಾನಲ್ವಾ? ಕೂರೋದಕ್ಕೆ ಉತ್ತರ 61ನೇ ಶ್ಲೋಕದಲ್ಲಿ ಸಿಕ್ಕಿತು, 'ಆಸೀತ' ಅಂತಲೇ ಇದೆ. ನಡೆಯೋದಕ್ಕೆ 71ರ 'ಚರತಿ'. ಮಾತಿಗೆ? ಹೊಗಳೋದೂ ಇಲ್ಲ, ದ್ವೇಷಿಸೋದೂ ಇಲ್ಲ ಅನ್ನುವ 57 ಅಂತಾರೆ ಇವರು. ಮೌನವನ್ನು ನೆನಪಿಸುವ 'ಮುನಿ' ಅನ್ನುವ ಪದ ಇರುವ 56 ಅಂತ ನಾನು. ಬಲಪುಟದಲ್ಲಿ ಎರಡನ್ನೂ ಬರೆದಿಟ್ಟಿದ್ದೇವೆ. ಭಾಷ್ಯ ಇನ್ನೂ ತೆರೆದಿಲ್ಲ.