ರಾವಸಾಬನ ಸೊಕ್ಕು: ಕಾರ್ಟೂನ್ ಎದುರಾಳಿಯನ್ನು ಕಟ್ಟಿದ ನನ್ನ ಅನುಭವ

ಕಾರ್ಟೂನ್ ಸರಣಿಗೆ ಸೊಕ್ಕಿನ ಎದುರಾಳಿ ಬೇಕು ಅಂದರೆ ಬರೆಯುವವರ ಕೈ ಮೊದಲು ಹೋಗುವುದು ಬೈಗುಳಕ್ಕೆ. ನಮ್ಮದೂ ಹಾಗೇ ಆಯಿತು. ಬಾಗಲಕೋಟೆಯಲ್ಲಿ ಕೂತು ಮಾಡಿದ್ದು ಗರಡಿಮನೆಯ ಕಥೆ. ಏಳು ನಿಮಿಷದ 13 ಕಂತು, 2ಡಿ ಕಟೌಟ್ ಅನಿಮೇಶನ್, ಅಂದರೆ ಕೈ, ಕಾಲು, ತಲೆಯ ಚಿತ್ರದ ತುಂಡುಗಳನ್ನು ಕೀಲಿನಿಂದ ಜೋಡಿಸಿ ಆಡಿಸುವುದು. ನಾಯಕ ಪರಸು, ಎದುರಾಳಿ ರಾವಸಾಬ. ಮೊದಲ ಕರಡಿನಲ್ಲಿ ರಾವಸಾಬ ಬಂದಲ್ಲೆಲ್ಲ ಯಾರನ್ನಾದರೂ ಹೀಯಾಳಿಸಿ, ಕಡೆಗೆ ಸೊಂಟದ ಮೇಲೆ ಕೈ ಇಟ್ಟು ನಗುತ್ತಿದ್ದ. ಮೂರನೆಯ ಕಂತಿಗೆ ಬರುವಷ್ಟರಲ್ಲಿ ಅವನು ಬರೀ ಬಾಯಿಬಡುಕ. ಖರೇ ಸೊಕ್ಕಿದ್ದವನಿಗೆ ದನಿ ಏರಿಸುವ ದರ್ದೇ ಇರುವುದಿಲ್ಲ. ಹೀಗಾಗಿ ಎರಡನೆಯ ಸಲ ಅವನು ಏನೇನು ಮಾಡುವುದಿಲ್ಲ ಎಂಬ ಪಟ್ಟಿಯಿಂದಲೇ ಶುರು ಮಾಡಿದೆವು.

ಪಟ್ಟಿಯಲ್ಲಿ ಮೊದಲನೆಯದು ಮೋಸ. ಮೋಸ ಮಾಡಿದರೆ ತನ್ನ ಬಲ ಸಾಲದು ಅಂತ ಒಪ್ಪಿಕೊಂಡ ಹಾಗೆ, ಅದನ್ನು ಅವನು ಜೀವ ಹೋದರೂ ಒಪ್ಪುವವನಲ್ಲ. ಆದ್ದರಿಂದ ಅವನು ನಾಲ್ಕು ಕುಸ್ತಿಯನ್ನು ನೇರವಾಗಿ, ಪೂರ್ತಿಯಾಗಿ ಗೆಲ್ಲುವುದನ್ನು ತೋರಿಸಿದೆವು. ದುಡ್ಡು ಉಳಿಸಲು ಹಲಗಿ ಸದ್ದು, ಜನರ ಮುಖ, ಆಮೇಲೆ ಬಿದ್ದವನು ಅಂತ ಮೂರೇ ಶಾಟ್‌ನಲ್ಲಿ ಮುಗಿಸಿದ ಒಂದು ಕುಸ್ತಿ ಕೆಲಸಕ್ಕೆ ಬರಲಿಲ್ಲ. ಕಸುಬು ಕಣ್ಣಿಗೆ ಕಾಣದಿದ್ದರೆ ಸೊಕ್ಕಿಗೆ ಆಧಾರವಿಲ್ಲ. ಎರಡನೆಯದು, ಗರಡಿಯ ಗುರು ವಸ್ತಾದರಿಗೆ ಎದುರುತ್ತರ. ಅವರ ಕಾಲು ಮುಟ್ಟಿ, ಮಣ್ಣು ಹಣೆಗೆ ಹಚ್ಚಿಕೊಂಡೇ ಅವನು ಅಖಾಡಕ್ಕೆ ಇಳಿಯುತ್ತಾನೆ. ಅಲ್ಲಿ ಚಪ್ಪಲಿ ಮೆಟ್ಟಿಕೊಂಡು ನಡೆಸಿದ್ದರೆ ನಮ್ಮ ಕಡೆಯ ಹುಡುಗರು ಅವನನ್ನು ಅವತ್ತೇ ಪುಂಡರ ಲೆಕ್ಕಕ್ಕೆ ಹಾಕಿಬಿಡುತ್ತಿದ್ದರು.

ಮಾತಿನಲ್ಲಿ ನಮಗೆ ಹೆಚ್ಚು ದಕ್ಕಿದ್ದು ಕರೆಯುವ ರೀತಿ. ಜಪಾನಿನ ಕಾರ್ಟೂನ್ ಸರಣಿ 'ಡ್ರ್ಯಾಗನ್ ಬಾಲ್ ಝಡ್'ನ ಸೊಕ್ಕಿನ ಎದುರಾಳಿ ವೆಜಿಟಾ ನಾಯಕ ಗೋಕುವನ್ನು ಗೋಕು ಅನ್ನುವುದಿಲ್ಲ, ಅವನ ಹುಟ್ಟುಹೆಸರು ಹಿಡಿದು ಕಾಕರಾಟ್ ಅಂತಲೇ ಕರೆಯುತ್ತಾನೆ. ನೀನು ಯಾರಾಗಬೇಕೆಂದು ಹೇಳುವವನು ನಾನು ಎಂಬ ಗತ್ತು ಆ ಒಂದು ಪದದಲ್ಲೇ ಇದೆ. ಕನ್ನಡದಲ್ಲಿ ಇನ್ನೊಂದು ಹೆಸರೂ ಬೇಕಾಗಿಲ್ಲ. ಒಂದರಿಂದ ಮೂರನೆಯ ಕಂತಿನವರೆಗೆ ರಾವಸಾಬ ಪರಸುವಿನ ಜೊತೆ ಮಾತೇ ಆಡುವುದಿಲ್ಲ. ಎದುರಿಗೆ ನಿಂತವನನ್ನು ಬಿಟ್ಟು ಪಕ್ಕದವರಿಗೆ, "ಇಂವಗ ಹೇಳ್ರಿ, ಲಂಗೋಟಿ ಬಿಗದ ಕಟ್ಕೋ ಅಂತ" ಅನ್ನುತ್ತಾನೆ. ನಾಲ್ಕರಿಂದ ಎಂಟರವರೆಗೆ "ಏ ಹುಡುಗ". ಒಂಬತ್ತರಲ್ಲಿ ಸೋತ ಮೇಲೆ "ಬರ್ರಿ ಪೈಲವಾನ್ರ", ಅದು ಬಹುವಚನದ ಚುಚ್ಚು. "ಪರಸು" ಅಂತ ಬಾಯಿಬಿಟ್ಟು ಅನ್ನುವುದು ಹನ್ನೆರಡನೆಯದರಲ್ಲಿ, ಒಂದೇ ಸಲ. ಈ ಏಣಿಯನ್ನು ಗೋಡೆಗೆ ಅಂಟಿಸಿ ಇಟ್ಟಿದ್ದರೂ ಆರನೆಯ ಕಂತಿನ ಡಬ್ಬಿಂಗ್‌ನಲ್ಲಿ ಒಂದು "ಪರಸು" ನುಸುಳಿತ್ತು. ಕಲಾವಿದರು ರೂಢಿಯಂತೆ ಹೆಸರು ಸೇರಿಸಿಬಿಡುತ್ತಾರೆ, ಸ್ಕ್ರಿಪ್ಟ್ ಹಿಡಿದು ಕೇಳುವವರು ಒಬ್ಬರು ಬೇಕೇ ಬೇಕು.

ಹೀಯಾಳಿಕೆಗೆ ಕಂತಿಗೆ ಎರಡು ಎಂಬ ಮಿತಿ ಹಾಕಿಕೊಂಡೆವು. ಮೊದಲ ಕರಡಿನಲ್ಲಿ ಇದ್ದದ್ದು, "ನನ್ನ ಮುಂದ ನಿಂದ್ರಾಕ ಎಷ್ಟಲೇ ಧೈರ್ಯ ನಿನಗ, ಎತ್ತಿ ಒಗಿತೀನಿ ನೋಡು." ಉಳಿದದ್ದು ಪರಸುವನ್ನು ಒಮ್ಮೆ ನೋಡಿ ಪಂಚರ ಕಡೆ ತಿರುಗಿ ಕೇಳುವ ಮಾತು: "ಮತ್ತ ಯಾರೂ ಇಲ್ಲೇನ್ರಿ?"

ಇನ್ನು ಮೈ. ಆಕಾರಕ್ಕೆ ಮಾದರಿ ಇಟ್ಟುಕೊಂಡದ್ದು ಮುಧೋಳ ನಾಯಿಯನ್ನು. ಉದ್ದ ಕುತ್ತಿಗೆ, ಕಿರಿದಾದ ಮುಖ, ಯಾರು ಕರೆದರೂ ಕೂಡಲೇ ತಿರುಗದ ನಿಲುವು. ರಿಗ್‌ನಲ್ಲಿ (ಪಾತ್ರವನ್ನು ಆಡಿಸುವ ಕೀಲುಗಳ ಚೌಕಟ್ಟು) ತಲೆಯ ಕೀಲು ಬೇರೆ, ಕುತ್ತಿಗೆಯ ಕೀಲು ಬೇರೆ ಇಡಬೇಕು. ಎರಡನ್ನೂ ಒಂದೇ ಮಾಡಿದಾಗ ಗದ್ದ ಎತ್ತಿದರೆ ಇಡೀ ತಲೆ ಹಿಂದಕ್ಕೆ ಬಿದ್ದು, ಆಕಾಶ ನೋಡುವವನ ಹಾಗೆ ಕಾಣುತ್ತಿದ್ದ. ಗದ್ದ 8 ಡಿಗ್ರಿ ಮೇಲೆ, ರೆಪ್ಪೆ ಕಣ್ಣಗುಡ್ಡೆಯ ಮೂರನೇ ಒಂದು ಭಾಗ ಮುಚ್ಚಿರುವುದು, ಇದು ಅವನ ಮಾಮೂಲಿ ಭಂಗಿ. ನೇರ ಮುಖದಲ್ಲಿ ಇದನ್ನು ಮಾಡಿದರೆ ಮೂಗಿನ ಹೊಳ್ಳೆಯೇ ಎದ್ದು ಕಾಣುತ್ತದೆ. ತುಸು ಪಕ್ಕಕ್ಕೆ ತಿರುಗಿದ ಮುಕ್ಕಾಲು ಮುಖದಲ್ಲಿ ಸರಿಹೋಗುತ್ತದೆ.

ತಿರುಗುವ ಲೆಕ್ಕಕ್ಕೆ ವಾರಗಟ್ಟಲೆ ಹಿಡಿಯಿತು. ನಾವು ಸೆಕೆಂಡಿಗೆ 24 ಫ್ರೇಮ್ ಇಟ್ಟು, ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಿದ್ದೆವು. ಪರಸುವನ್ನು ಕರೆದರೆ ಕಣ್ಣು, ತಲೆ, ಭುಜ ಎಲ್ಲ 6 ಫ್ರೇಮ್‌ನಲ್ಲಿ ತಿರುಗುತ್ತವೆ. ರಾವಸಾಬನಿಗೆ ಮೊದಲು ಕಣ್ಣು ಮಾತ್ರ, 2 ಫ್ರೇಮ್. ಆಮೇಲೆ 12 ಫ್ರೇಮ್ ಏನೂ ಇಲ್ಲ. ಆಮೇಲೆ ತಲೆ ಅರ್ಧ, 10 ಫ್ರೇಮ್. ಭುಜ ತಿರುಗುವುದೇ ಇಲ್ಲ. ನಡುವಿನ ಆ ಅರ್ಧ ಸೆಕೆಂಡಿನಲ್ಲೇ ಇಡೀ ಪಾತ್ರ ಇದೆ. ಆದರೆ ಆ 12 ಫ್ರೇಮ್‌ನಲ್ಲಿ ಚಿತ್ರ ಪೂರ್ತಿ ನಿಂತರೆ ವಿಡಿಯೊ ಸಿಕ್ಕಿಕೊಂಡಿದೆ ಅನಿಸುತ್ತದೆ. ಎದೆಯ ಉಸಿರಾಟ ಒಂದನ್ನು ಚಾಲೂ ಇಟ್ಟರೆ ಸಾಕು.

ತೊಡೆ ತಟ್ಟುವುದರಲ್ಲೂ ಅದೇ ಜಿಪುಣತನ. ಬೇರೆ ಪೈಲವಾನರು ಮೂರು ಸಲ ತಟ್ಟಿದರೆ ಅವನು ಒಂದೇ ಸಲ. ಕೈ ಏರಲು 8 ಫ್ರೇಮ್, ಇಳಿಯಲು 2, ತಾಗಿದ ಮೇಲೆ 4 ಫ್ರೇಮ್ ತಡೆ, ಆಮೇಲೆ ತೊಡೆಯ ಮಾಂಸದ ಸಣ್ಣ ನಡುಕ. ಸದ್ದನ್ನು ನೀರು ಹಚ್ಚಿದ ತೊಡೆಯ ಮೇಲೆ ಹೊಡೆದು ರೆಕಾರ್ಡ್ ಮಾಡಿದೆವು, ಒಣ ತೊಡೆಯದು ರಟ್ಟಿನ ಫೈಲ್ ಮೇಲೆ ಹೊಡೆದ ಹಾಗೆ ಬರುತ್ತಿತ್ತು.

ದನಿಗೆ ಮೊದಲು ಕರೆಸಿದ್ದು ಕಂಪನಿ ನಾಟಕದ ಖಳನ ದನಿ ಇದ್ದವರನ್ನು. ದನಿ ಭಾರಿ, ಪಾತ್ರ ಸಣ್ಣದಾಯಿತು. ಕಡೆಗೆ ಆರಿಸಿದ್ದು ತಗ್ಗಿದ, ಕೊಂಚ ಒಣಗಿದ ದನಿ. ಪರಸು ಸೆಕೆಂಡಿಗೆ ಏಳೆಂಟು ಅಕ್ಷರ ಆಡಿದರೆ ಇವನು ಐದು. ಮೈಕ್ ಬಾಯಿಂದ ಒಂದು ಗೇಣಿನೊಳಗೆ, ಆದರೆ ತುಸು ಓರೆಗೆ. ನೇರ ಇಟ್ಟರೆ ಪ, ಬ, ಭ ಅಕ್ಷರಗಳಿಗೆ ಗಾಳಿ ಬಡಿಯುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂರಲು ನಮ್ಮಲ್ಲಿ ಬೆಳಗಿನ ಏಳರೊಳಗೆ ಮಾತ್ರ ಸಾಧ್ಯ. ಮಿಕ್ಸಿಂಗ್‌ನಲ್ಲಿ ಇನ್ನೊಂದು ತೊಡಕು. ಎಲ್ಲ ದನಿಗೂ ಏರಿಳಿತ ತಗ್ಗಿಸುವ ಒಂದೇ ಕಂಪ್ರೆಸರ್ ಹಾಕಿದರೆ ಅವನ ಮೆಲುಮಾತೂ ಪರಸುವಿನ ಕೂಗೂ ಸಮಸಮ ಆಗುತ್ತವೆ. ಅವನ ಟ್ರ್ಯಾಕ್ ಬೇರೆ ಮಾಡಿ, ಉಳಿದವರಿಗಿಂತ 4 ಡೆಸಿಬಲ್ ಕೆಳಗಿಟ್ಟು, ಅವನು ಬಾಯಿ ತೆರೆದಾಗ ಹಲಗಿಯನ್ನು ತಗ್ಗಿಸಿದೆವು. ಊರೇ ಅವನ ಮಾತಿಗೆ ಸುಮ್ಮನಾದ ಹಾಗೆ ಕೇಳಿಸಿತು.

ಇಂಥವನಿಗೆ ನೋವಾಗುವುದು ಎಲ್ಲಿ ಎಂಬುದನ್ನು ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಪಾರಿಜಾತದ ಹೂವು ರುಕ್ಮಿಣಿಗೆ ಹೋಯಿತು, ಅಷ್ಟಕ್ಕೇ ಸತ್ಯಭಾಮೆ ಕೆರಳುತ್ತಾಳೆ. ಸೊಕ್ಕು ದೊಡ್ಡದಾದಷ್ಟೂ ಚುಚ್ಚುವ ಮುಳ್ಳು ಸಣ್ಣದಿರಬೇಕು. ಅಪ್ಪನನ್ನು ಕೊಂದರು, ಹೊಲ ಕಸಿದರು ಎಂಬ ಹಿಂದಿನ ಕಥೆ ಕೊಟ್ಟರೆ ಅದು ಸೇಡಿನ ಪಾತ್ರವಾಗುತ್ತದೆ. ರಾವಸಾಬನಿಗೆ ನಾವು ಕೊಟ್ಟದ್ದು ಒಂದು ಹ್ಯಾಂಡ್‌ಬಿಲ್. ಜಾತ್ರೆಯಲ್ಲಿ ಸೋಲು ಗೆಲುವು ತೀರ್ಮಾನವಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಯ ಜೋಡಿಯಲ್ಲಿ ಪರಸುವಿನ ಹೆಸರು ಮೊದಲು, ಇವನದು ಎರಡನೆಯದು. ಅವನು ಅದನ್ನು ಹರಿಯುವುದಿಲ್ಲ. ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಾನೆ.

ಕಡೆಯದು ಮಣ್ಣು. ಕುಸ್ತಿಯಲ್ಲಿ ಚಿತ್ ಆಗುವುದೆಂದರೆ ಬೆನ್ನಿಗೆ ಮಣ್ಣು ಹತ್ತುವುದು. ಹೀಗಾಗಿ ಎಂಟು ಕಂತಿನವರೆಗೆ ಅವನ ಬೆನ್ನು ಸ್ವಚ್ಛ ಇರಬೇಕು ಅಂತ ಮಾಡಿದೆವು. ಆದರೆ ಇಡೀ ಮೈ ಸ್ವಚ್ಛ ಇದ್ದರೆ ಅವನು ತಾಲೀಮು ಮಾಡುವವನಂತೆ ಕಾಣುವುದಿಲ್ಲ, ಬೆವತ ಮೈಗೆ ಮಣ್ಣು ಹತ್ತಲೇಬೇಕು. ಮೊಣಕಾಲು, ಮೊಣಕೈ, ಎದೆಗೆ ಮಣ್ಣಿನ ಮೂರು ಬೇರೆ ಬೇರೆ ಟೆಕ್ಸ್ಚರ್ ಲೇಯರ್ (ಚಿತ್ರದ ಮೇಲೆ ಹೊದಿಸುವ ಪದರ) ಮಾಡಿ, ಬೆನ್ನಿನ ಲೇಯರ್‌ಗೆ ಬೀಗ ಹಾಕಿಟ್ಟೆವು. ಬೀಗ ತೆಗೆದದ್ದು ಒಂಬತ್ತನೆಯ ಕಂತಿನಲ್ಲಿ. ಹಿಂದಿನಿಂದ ತೆಗೆದ ಒಂದೇ ಶಾಟ್, 120 ಫ್ರೇಮ್, ಮಾತಿಲ್ಲ, ಹಲಗಿ ಇಲ್ಲ. ಎರಡೂ ಭುಜದೆಲುಬಿನ ಮೇಲೆ ಅಂಗೈಯಗಲ ಕೆಮ್ಮಣ್ಣು. ಒಬ್ಬ ಹುಡುಗ ಟವೆಲ್ ಹಿಡಿದು ಬರುತ್ತಾನೆ, ರಾವಸಾಬ ತಿರುಗದೆ ಕೈಯೆತ್ತಿ ಅವನನ್ನು ತಡೆಯುತ್ತಾನೆ. ರೆಂಡರ್ ಮಾಡುವಾಗ ಈ ಶಾಟ್‌ನಲ್ಲಿ ಉಸಿರಾಟದ ಲೇಯರ್ ಆರಿಹೋಗಿತ್ತು. ಹಾಕಿ ನೋಡಿದೆವು, ಇಲ್ಲದ್ದೇ ಚೆನ್ನಾಗಿತ್ತು, ಹಾಗೇ ಬಿಟ್ಟೆವು.