ಹೌಸಿಂಗ್ ಬಿಚ್ಚದೆ ಒಳಗೆ ನೋಡಿದ್ದು

ನನ್ನ ಲಾರಿಯ ಹಿಂದಿನ ಎರಡೂ ಆಕ್ಸಲ್‌ಗೆ ಡ್ರೈವ್ ಇದೆ. ಅಂದರೆ ಎಂಜಿನ್ ಬಲವನ್ನು ಚಕ್ರಗಳಿಗೆ ಹಂಚುವ ಗೇರುಗಳು, ಅಂದರೆ ಡಿಫರೆನ್ಷಿಯಲ್, ಎರಡು; ಅವನ್ನು ಮುಚ್ಚಿರುವ ಹೌಸಿಂಗ್ ಎರಡು. ಎಂಜಿನ್ ಆಯಿಲ್‌ಗೆ ಕೊಟ್ಟಷ್ಟು ಗಮನವನ್ನು ಇವುಗಳ ಗೇರ್ ಆಯಿಲ್‌ಗೆ ನಾನು ಯಾವತ್ತೂ ಕೊಟ್ಟಿರಲಿಲ್ಲ. ಸೀಲ್ ಸೋರುತ್ತಿದೆಯಾ, ಮಟ್ಟ ಸರಿ ಇದೆಯಾ, ಅಷ್ಟೇ ನೋಡುತ್ತಿದ್ದೆ. ಹಿಂದಿನ ಲಾರಿಯಲ್ಲಿ ಡಿಫರೆನ್ಷಿಯಲ್‌ನ ಮುಖ್ಯ ಗೇರ್ ಜೋಡಿಯಾದ ಕ್ರೌನ್ ಪಿನಿಯನ್ ಕೂಗಲು ಶುರುವಾದಾಗ ಬಿಚ್ಚಿ ನೋಡಿದರೆ ಹಲ್ಲು ಆಗಲೇ ಹೋಗಿತ್ತು. ಪೂರ್ತಿ ಸೆಟ್ ಹಾಕಿಸಬೇಕಾಯಿತು. ಸದ್ದು ಕೇಳಿದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಈ ಲಾರಿಯಲ್ಲಿ ಆಯಿಲ್ ಟೆಸ್ಟ್ ಮಾಡಿಸಲು ನಿರ್ಧರಿಸಿದೆ. ಗೇರ್ ಸವೆದು ಆಯಿಲ್‌ಗೆ ಸೇರಿದ ಲೋಹ ಎಷ್ಟು ಅಂತ ಲ್ಯಾಬಿನಲ್ಲಿ ಅಳೆಯುವುದೇ ಈ ಟೆಸ್ಟ್.

ಮೊದಲ ಸ್ಯಾಂಪಲ್ ತೆಗೆದದ್ದೇ ತಪ್ಪಾಯಿತು. ಎರಡರಲ್ಲಿ ಹಿಂದೆ ಇರುವ ಹೌಸಿಂಗ್‌ನ ಡ್ರೈನ್ ಪ್ಲಗ್ ಸಡಿಲಿಸಿ, ಮೊದಲು ಬಂದ ಆಯಿಲನ್ನೇ ಬಾಟಲಿಗೆ ಹಿಡಿದೆ. ಅದೂ ರಾತ್ರಿಯಿಡೀ ನಿಂತಿದ್ದ ಗಾಡಿ. ವರದಿಯಲ್ಲಿ ಕಬ್ಬಿಣ 700 ಪಿಪಿಎಂ ದಾಟಿತ್ತು. ಪಿಪಿಎಂ ಅಂದರೆ 10 ಲಕ್ಷ ಭಾಗದಲ್ಲಿ ಒಂದು ಭಾಗ. ಎಂಜಿನ್ ಆಯಿಲ್‌ನಲ್ಲಿ 100 ಕಂಡರೇ ಗಾಬರಿ ಆಗುವವನು ನಾನು. ಹೌಸಿಂಗ್ ಇಳಿಸಿಯೇ ಬಿಡೋಣ ಅಂತ ಹೊರಟಿದ್ದೆ. ಲ್ಯಾಬಿನವರು ತಡೆದರು. ಸ್ಯಾಂಪಲ್ ಹೇಗೆ ತೆಗೆದಿರಿ ಅಂತ ಮೊದಲು ಕೇಳಿದರು.

ಎರಡನೇ ಸಲ ಅವರು ಹೇಳಿದಂತೆ ಮಾಡಿದೆ. ಗಾಡಿ ಓಡಿಸಿ ಬಂದು, ಆಯಿಲ್ ಬಿಸಿ ಇರುವಾಗಲೇ ಫಿಲ್ಲರ್ ಪ್ಲಗ್ ಸುತ್ತ ಬ್ರಷ್ ಹಾಕಿ ಮಣ್ಣು ತೆಗೆದೆ. ಪ್ಲಗ್ ಬಿಚ್ಚಿ, ಹೊಸ ಪ್ಲಾಸ್ಟಿಕ್ ಪೈಪನ್ನು ಆಯಿಲ್‌ನ ನಡುಮಟ್ಟದವರೆಗೆ ಇಳಿಸಿ ಕೈಪಂಪಿನಲ್ಲಿ ಎಳೆದೆ. ಮೊದಲು ಬಂದ ಸ್ವಲ್ಪವನ್ನು ಚೆಲ್ಲಿ, ಆಮೇಲೆ ಬಂದದ್ದನ್ನು ಬಾಟಲಿಗೆ ಹಿಡಿದೆ. ಅದೇ ಆಯಿಲ್, ಎರಡೇ ದಿನದ ಅಂತರ. ಈ ಸಲ ಕಬ್ಬಿಣ 260. ಮೊದಲ ಬಾಟಲಿಯಲ್ಲಿ ಇದ್ದದ್ದು ತಳದಲ್ಲಿ ಕೂತಿದ್ದ ಕೆಸರು.

260 ಕೂಡ ದೊಡ್ಡ ಸಂಖ್ಯೆ ಅನಿಸಿತ್ತು. ಆದರೆ ನನ್ನ ಲಾರಿಯ ಹೌಸಿಂಗ್‌ನಲ್ಲಿ ಫಿಲ್ಟರ್ ಇಲ್ಲ. ಸವೆದ ಕಬ್ಬಿಣದಲ್ಲಿ ಪ್ಲಗ್‌ನ ಮ್ಯಾಗ್ನೆಟ್ ಹಿಡಿದದ್ದು ಬಿಟ್ಟು ಉಳಿದದ್ದೆಲ್ಲ ಆಯಿಲ್‌ನಲ್ಲೇ ತಿರುಗುತ್ತಿರುತ್ತದೆ. ಕಿಲೋಮೀಟರ್ ಓಡಿದಂತೆ ಸಂಖ್ಯೆ ಏರಲೇಬೇಕು. ಹಾಗಾಗಿ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಓಟಕ್ಕೆ ಅಷ್ಟಾಯಿತು ಅಂತ ನೋಡಬೇಕು. ಆ ಆಯಿಲ್ 60,000 ಕಿ.ಮೀ. ಓಡಿತ್ತು. ಸಾವಿರ ಕಿಲೋಮೀಟರ್‌ಗೆ 4.3 ಬಂತು. ಎರಡರಲ್ಲಿ ಮುಂದೆ ಇರುವ ಹೌಸಿಂಗ್‌ನಲ್ಲಿ 310, ಅಂದರೆ ಸಾವಿರಕ್ಕೆ 5.2. ಎರಡು ಆಕ್ಸಲ್‌ಗೂ ಬಲ ಹಂಚುವ ಹೆಚ್ಚುವರಿ ಗೇರುಗಳು ಮುಂದಿನದರಲ್ಲೇ ಇವೆ. ಅಲ್ಲಿ ಸ್ವಲ್ಪ ಜಾಸ್ತಿ ಬಂದದ್ದು ನನಗೆ ಸಹಜ ಅನಿಸಿತು.

ಎರಡು ಹೌಸಿಂಗ್ ಇರುವುದು ಎಷ್ಟು ಅನುಕೂಲ ಅಂತ ಗೊತ್ತಾದದ್ದು ಮುಂದಿನ ವರದಿಯಲ್ಲಿ. ಎರಡಕ್ಕೂ ಒಂದೇ 80ಡಬ್ಲ್ಯೂ-90 (ಆಯಿಲ್‌ನ ದಪ್ಪದ ಗುರುತು) ಜಿಎಲ್-5 (ಭಾರೀ ಒತ್ತಡ ತಡೆಯುವ ಗೇರ್ ಆಯಿಲ್‌ನ ದರ್ಜೆ) ಆಯಿಲ್ ಹಾಕಿ 20,000 ಕಿ.ಮೀ. ಓಡಿಸಿದ್ದೆ. ಒಂದೇ ರಸ್ತೆ, ಒಂದೇ ಲೋಡ್. ಮುಂದಿನದರಲ್ಲಿ ಕಬ್ಬಿಣ 120, ಹಿಂದಿನದರಲ್ಲಿ 190. ಮೇಲ್ನೋಟಕ್ಕೆ 260ಕ್ಕಿಂತ 190 ಕಡಿಮೆ ಅಲ್ವಾ? ಲೆಕ್ಕ ಹಾಕಿದರೆ ಮುಂದಿನದು ಸಾವಿರಕ್ಕೆ 6, ಹಿಂದಿನದು 9.5. ಹಿಂದಿನದರ ಸವೆತ ಹಳೆಯ ವೇಗದ ಎರಡರಷ್ಟಕ್ಕಿಂತ ಜಾಸ್ತಿಯಾಗಿತ್ತು. ಹೊರಗಿನಿಂದ ಏನೇನೂ ಗೊತ್ತಾಗುತ್ತಿರಲಿಲ್ಲ. ಸದ್ದಿಲ್ಲ, ಬಿಸಿಯಿಲ್ಲ, ಸೋರಿಕೆ ಇಲ್ಲ.

ಕಾರಣ ಅದೇ ಹಾಳೆಯಲ್ಲಿತ್ತು. ಹಿಂದಿನ ಹೌಸಿಂಗ್‌ನಲ್ಲಿ ಸಿಲಿಕಾನ್ 18 ಇದ್ದದ್ದು 62 ಆಗಿತ್ತು. ಜೊತೆಗೆ ಅಲ್ಯೂಮಿನಿಯಂ ಕೂಡ ಏರಿತ್ತು. ಸಿಲಿಕಾನ್ ಒಂದೇ ಏರಿದ್ದರೆ ಕವರ್ ಕೂರಿಸುವಾಗ ಹಚ್ಚಿದ ಸಿಲಿಕೋನ್ ಪೇಸ್ಟ್ ಇರಬಹುದು ಅಂತ ಬಿಡಬಹುದಿತ್ತು. ಮಣ್ಣಿನಲ್ಲಿ ಎರಡೂ ಇರುತ್ತವೆ, ಹಾಗಾಗಿ ಎರಡೂ ಒಟ್ಟಿಗೆ ಏರಿದರೆ ಮೊದಲು ಅನುಮಾನ ಬರಬೇಕಾದದ್ದು ಮಣ್ಣಿನ ಮೇಲೆ. ಅದಕ್ಕೆ ಸರಿಯಾಗಿ ನೀರಿನ ಅಂಶವೂ 0.2 ಶೇಕಡಾ ಇತ್ತು. ಮುಂದಿನ ಹೌಸಿಂಗ್‌ನಲ್ಲಿ ನೀರು ಕಂಡಿರಲಿಲ್ಲ.

ಹಿಂದಿನ ಹೌಸಿಂಗ್ ಮೇಲಿನ ಏರ್ ಬ್ರೀದರ್, ಅಂದರೆ ಒಳಗಿನ ಗಾಳಿ ಆಡಲು ಇರುವ ಸಣ್ಣ ಕಿಂಡಿ, ಬಿಚ್ಚಿದೆ. ಒಣಗಿದ ಕೆಸರು ಗಟ್ಟಿಯಾಗಿ ಕೂತಿತ್ತು. ಊದಿದರೂ ಗಾಳಿ ಹೋಗಲಿಲ್ಲ. ಆ ದಿನಗಳಲ್ಲಿ ನೀರು ನಿಂತ ಹಾದಿಯಲ್ಲಿ ಜಾಸ್ತಿ ಓಡಾಟ ಇತ್ತು. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಬ್ರೀದರ್ ತೆರೆದಿದ್ದರೆ ಅಲ್ಲಿಂದ ಗಾಳಿ ಬರುತ್ತದೆ. ಮುಚ್ಚಿದ್ದರೆ ಆಯಿಲ್ ಸೀಲ್‌ನ ಅಂಚಿನಿಂದ ನೀರನ್ನೂ ಮಣ್ಣನ್ನೂ ಒಳಗೆ ಎಳೆದುಕೊಳ್ಳುತ್ತದೆ. ಮಣ್ಣು ಹಲ್ಲನ್ನೂ ಬೇರಿಂಗನ್ನೂ ಉಜ್ಜುತ್ತದೆ. ಅದಕ್ಕೇ ಕಬ್ಬಿಣ ಏರಿದ್ದು.

ಬ್ರೀದರ್ ಹೊಸದು ಹಾಕಿ, ಅದಕ್ಕೆ ಹೋಸ್ ಜೋಡಿಸಿ ಬಾಯಿಯನ್ನು ಚಾಸಿಸ್ ಎತ್ತರಕ್ಕೆ ಒಯ್ದೆ. ಪಿನಿಯನ್ ಸೀಲ್ ಬದಲಿಸಿದೆ. ಆಯಿಲ್ ಬಿಸಿ ಇರುವಾಗ ಪೂರ್ತಿ ಇಳಿಸಿ ಹೊಸದು ತುಂಬಿದೆ. ಎಷ್ಟೇ ಇಳಿಸಿದರೂ ಹಳೆಯದು ಸ್ವಲ್ಪ ಉಳಿಯುತ್ತದೆ. ಆದ್ದರಿಂದ 1,000 ಕಿ.ಮೀ. ಓಡಿಸಿ ಒಂದು ಸ್ಯಾಂಪಲ್ ಕೊಟ್ಟೆ. ಕಬ್ಬಿಣ 22 ಬಂತು. ಅದನ್ನೇ ಶುರುವಿನ ಗೆರೆ ಅಂತ ಇಟ್ಟುಕೊಂಡೆ. 21,000 ಆದಾಗ 116. 22 ಕಳೆದರೆ 94, ಸಾವಿರಕ್ಕೆ 4.7. ನೀರು ಇಲ್ಲ, ಸಿಲಿಕಾನ್ ಕೆಳಗಿಳಿದಿತ್ತು. ಆ ಕಾಗದ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಅಷ್ಟು ಸಮಾಧಾನ ಆಗಿತ್ತು.

ಹೊಸ ಆಯಿಲ್‌ನದ್ದೂ ಒಂದು ಬಾಟಲಿ ಕೊಡಿ ಅಂತ ಲ್ಯಾಬಿನವರು ಮೊದಲೇ ಹೇಳಿದ್ದರು. ಸುಮ್ನೆ ಖರ್ಚು ಅನಿಸಿತ್ತು. ಮುಂದೊಂದು ವರದಿಯಲ್ಲಿ ಮುಂದಿನ ಹೌಸಿಂಗ್‌ನಲ್ಲಿ ಕ್ಯಾಲ್ಸಿಯಂ, ಸತು ಕಾಣಿಸಿಕೊಂಡು, ಫಾಸ್ಫರಸ್ ಇಳಿದಾಗ ಅದರ ಬೆಲೆ ತಿಳಿಯಿತು. ನಮ್ಮ ಹೊಸ ಗೇರ್ ಆಯಿಲ್‌ನ ವರದಿಯಲ್ಲಿ ಕ್ಯಾಲ್ಸಿಯಂ, ಸತು ಇರಲೇ ಇಲ್ಲ. ಅವೆರಡೂ ಎಂಜಿನ್ ಆಯಿಲ್‌ನ ಗುರುತು. ಟಾಪ್ ಅಪ್ ಮಾಡಿದವರು ತಪ್ಪು ಡಬ್ಬ ಎತ್ತಿದ್ದರು. ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಒತ್ತುತ್ತವೆ. ಆ ಒತ್ತಡ ತಡೆಯಲು ಜಿಎಲ್-5 ಬೇಕೇ ಬೇಕು. ಅವತ್ತೇ ಇಳಿಸಿ ಬದಲಿಸಿದೆ. ಟಾಪ್ ಅಪ್ ಮಾಡಿದರೆ ಎಷ್ಟು ಅಂತ ಈಗ ತಪ್ಪದೆ ಬರೆದಿಡುತ್ತೇನೆ. ಹೊಸ ಆಯಿಲ್ ಸೇರಿದರೆ ಕಬ್ಬಿಣದ ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ.

ಈ ಟೆಸ್ಟ್‌ಗೆ ಕಾಣದ್ದೂ ಇದೆ. ಲೋಹ ಅಳೆಯುವ ಯಂತ್ರ ಕೆಲವೇ ಮೈಕ್ರಾನ್ ಗಾತ್ರದ ಸಣ್ಣ ಕಣಗಳನ್ನಷ್ಟೇ ಸರಿಯಾಗಿ ಎಣಿಸುತ್ತದೆ. ಹಲ್ಲಿನಿಂದ ಚೂರು ಎದ್ದರೆ ಪಿಪಿಎಂ ಕದಲದೇ ಇರಬಹುದು. ಅದಕ್ಕೆ ನಾನು ಪಿಕ್ಯೂ ಇಂಡೆಕ್ಸ್ ಕೂಡ ಕೇಳಿ ಮಾಡಿಸುತ್ತೇನೆ. ಅದು ಕಣ ದೊಡ್ಡದಿರಲಿ ಚಿಕ್ಕದಿರಲಿ, ಕಾಂತಕ್ಕೆ ಸಿಗುವ ಕಬ್ಬಿಣ ಒಟ್ಟು ಎಷ್ಟಿದೆ ಅಂತ ಹೇಳುತ್ತದೆ. ಆಯಿಲ್ ಇಳಿಸುವಾಗಲೆಲ್ಲ ಮ್ಯಾಗ್ನೆಟ್ ಪ್ಲಗ್ ನೋಡುತ್ತೇನೆ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಇದ್ದರೆ ಒರೆಸಿ ಹಾಕುತ್ತೇನೆ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ವರದಿಗೆ ಕಾಯುವುದಿಲ್ಲ, ಕವರ್ ಬಿಚ್ಚಿಸುತ್ತೇನೆ.