ಜರ್ಮನಿಯಲ್ಲಿ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು: ಕರಾರಿನಲ್ಲಿ ಮಾರುವವರ ಹೆಸರು ಯಾರದು?

ಕಳೆದ ಡಿಸೆಂಬರಿನಲ್ಲಿ ರಜೆಗೆಂದು ತುಮಕೂರಿಗೆ ಬಂದಿದ್ದಾಗ ಗುಬ್ಬಿಯಿಂದ ಒಬ್ಬ ದಂಪತಿ ಎಸ್.ಎಸ್.ಪುರಂನ ನಮ್ಮ ಮನೆಗೆ ಬಂದಿದ್ದರು. ಅವರ ಮಗ ಜರ್ಮನಿಗೆ ಹೋಗಿ ಒಂಬತ್ತು ತಿಂಗಳಾಗಿತ್ತು. ಕೂಡಿಟ್ಟ ಹಣಕ್ಕೆ ಒಂದಿಷ್ಟು ಸಾಲ ಸೇರಿಸಿ, ಹನ್ನೆರಡು ಸಾವಿರ ಯೂರೋ ಕೊಟ್ಟು ಏಳು ವರ್ಷ ಹಳೆಯದಾದ ದೊಡ್ಡ ಕಾರೊಂದನ್ನು ಕೊಂಡಿದ್ದ. ಮೂರನೆಯ ತಿಂಗಳಿಗೇ ಗೇರ್‌ಬಾಕ್ಸ್ ಕೆಟ್ಟಿತ್ತು. ಡೀಲರ್ ತನಗೂ ಅದಕ್ಕೂ ಸಂಬಂಧವಿಲ್ಲವೆಂದು ಕೈತೊಳೆದುಕೊಂಡಿದ್ದ. ಅಲ್ಲಿ ಕಾನೂನು ಗಟ್ಟಿಯಾಗಿದೆ ಎನ್ನುತ್ತಾರಲ್ಲ, ಹೀಗೂ ಆಗುತ್ತದೆಯೇ ಎಂದು ಆ ತಾಯಿ ಕೇಳಿದರು. ಹುಡುಗನಿಗೆ ಅಲ್ಲಿಂದಲೇ ಫೋನ್ ಮಾಡಿ ಕರಾರಿನ ಫೋಟೋ ತರಿಸಿಕೊಂಡೆ. 2019ರಲ್ಲಿ ನಾನು ಸಹಿ ಹಾಕಿದ್ದ ಕರಾರಿನಲ್ಲಿದ್ದ ಅದೇ ಎರಡು ಪದಗಳು ಅದರಲ್ಲಿಯೂ ಇದ್ದವು. ಇದಕ್ಕೂ ಮೊದಲು ಶಿರಾದ ಒಬ್ಬರು ಮತ್ತು ಮಧುಗಿರಿಯ ಒಬ್ಬರು ಇದೇ ಜಾಗದಲ್ಲಿ ಎಡವಿದ್ದನ್ನು ನೋಡಿದ್ದೇನೆ. ಇನ್ನೊಬ್ಬರಿಗೆ ಹೀಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಆ ಎರಡು ಪದಗಳು ‘ಇಮ್ ಕುಂಡೆನ್‌ಔಫ್‌ಟ್ರಾಗ್’. ‘ಗ್ರಾಹಕರೊಬ್ಬರ ಪರವಾಗಿ’ ಎಂದು ಅರ್ಥ. ಕಾರು ನಿಂತಿರುವುದು ಡೀಲರನ ಅಂಗಳದಲ್ಲಿ. ಓಡಿಸಿ ತೋರಿಸುವವನು, ಬೆಲೆ ಮಾತನಾಡುವವನು, ಹಣ ಎಣಿಸಿಕೊಂಡು ಕೀ ಕೊಡುವವನು ಎಲ್ಲ ಅವನೇ. ಕರಾರಿನಲ್ಲಿ ‘ಮಾರುವವರು’ ಎಂಬ ಜಾಗದಲ್ಲಿ ಮಾತ್ರ ನಾವು ಮುಖವನ್ನೇ ನೋಡದ ಖಾಸಗಿ ವ್ಯಕ್ತಿಯೊಬ್ಬರ ಹೆಸರಿರುತ್ತದೆ, ಡೀಲರ್ ಅಲ್ಲಿ ಮಧ್ಯವರ್ತಿ ಅಷ್ಟೇ ಆಗಿರುತ್ತಾನೆ. ಗುಬ್ಬಿಯ ಹುಡುಗನೂ ನನ್ನನ್ನು ಕೇಳಿದ್ದು ಇದನ್ನೇ: “ಅಣ್ಣಾ, ಅಂಗಡಿಯಲ್ಲೇ ನಿಂತಿತ್ತು, ಅಂಗಡಿಯವನೇ ಕೀ ಕೊಟ್ಟ. ಮಾರಿದ್ದು ಇನ್ಯಾರು?” ಜರ್ಮನ್ ಕಾನೂನಿನ ಕಣ್ಣಿನಲ್ಲಿ ಮಾರಿದ್ದು ಆ ಕಾಗದದಲ್ಲಿರುವ ಹೆಸರಿನವರು.

ಇದು ಏಕೆ ಇಷ್ಟು ದೊಡ್ಡ ವಿಷಯವೆಂದರೆ, ಆ ದೇಶದಲ್ಲಿ ವ್ಯಾಪಾರಿಯೊಬ್ಬ ಸಾಮಾನ್ಯ ಗ್ರಾಹಕನಿಗೆ ಹಳೆಯ ವಸ್ತುವನ್ನು ಮಾರಿದರೂ ಅದರ ದೋಷಗಳಿಗೆ ಕಾನೂನಿನ ಪ್ರಕಾರವೇ ಹೊಣೆಗಾರನಾಗುತ್ತಾನೆ. ಇದನ್ನು ‘ಗೆವೇರ್‌ಲೈಸ್ಟುಂಗ್’ ಎನ್ನುತ್ತಾರೆ. ಅವಧಿ ಎರಡು ವರ್ಷ. ಹಳೆಯ ವಸ್ತುಗಳಿಗೆ ಅದನ್ನು ಒಂದು ವರ್ಷಕ್ಕೆ ಇಳಿಸಬಹುದು, ಆದರೆ ಹಾಗೆ ಇಳಿಸುತ್ತಿರುವುದನ್ನು ಕೊಳ್ಳುವವನಿಗೆ ಮೊದಲೇ ತಿಳಿಸಿ, ಪ್ರತ್ಯೇಕವಾಗಿ ಒಪ್ಪಿಸಿರಬೇಕು. ಪೂರ್ತಿಯಾಗಿ ತೆಗೆದುಹಾಕಲು ವ್ಯಾಪಾರಿಗೆ ಅಧಿಕಾರವಿಲ್ಲ. ಇದಕ್ಕಿಂತಲೂ ಬೆಲೆಬಾಳುವುದು ಸಾಕ್ಷ್ಯದ ಹೊರೆಯ ನಿಯಮ. 2022ರ ಜನವರಿ 1ರಿಂದ ಈಚೆಗೆ ಆದ ಖರೀದಿಗಳಲ್ಲಿ, ಮೊದಲ ಹನ್ನೆರಡು ತಿಂಗಳಲ್ಲಿ ದೋಷ ಕಾಣಿಸಿಕೊಂಡರೆ ಅದು ಮಾರುವಾಗಲೇ ಇತ್ತೆಂದು ಕಾನೂನು ಊಹಿಸುತ್ತದೆ. ಇರಲಿಲ್ಲವೆಂದು ಸಾಬೀತುಪಡಿಸಬೇಕಾದವನು ವ್ಯಾಪಾರಿ. ಅದಕ್ಕೂ ಮೊದಲು ಈ ಅವಧಿ ಆರು ತಿಂಗಳಿತ್ತು. ಬ್ರೇಕ್ ಪ್ಯಾಡ್, ಟೈರ್‌ಗಳಂತೆ ಬಳಕೆಯಿಂದ ಸಹಜವಾಗಿ ಸವೆಯುವ ಭಾಗಗಳು ದೋಷದ ಲೆಕ್ಕಕ್ಕೆ ಬರುವುದಿಲ್ಲ.

ಖಾಸಗಿ ವ್ಯಕ್ತಿಯೊಬ್ಬರು ಮಾರಿದರೆ ಈ ರಕ್ಷಣೆಯನ್ನೆಲ್ಲ ಒಂದೇ ವಾಕ್ಯದಲ್ಲಿ ಅಳಿಸಿಹಾಕಬಹುದು. ದೋಷವನ್ನು ತಿಳಿದೂ ಮುಚ್ಚಿಟ್ಟು ಮೋಸ ಮಾಡಿದ್ದರೆ ಮಾತ್ರ ಆ ವಾಕ್ಯ ನಿಲ್ಲುವುದಿಲ್ಲ, ಆದರೆ ‘ತಿಳಿದಿತ್ತು’ ಎಂಬುದನ್ನು ತೋರಿಸಬೇಕಾದವರು ನಾವೇ. ಪರವಾಗಿ ಮಾರುವ ಪದ್ಧತಿ ಅಕ್ರಮವೂ ಅಲ್ಲ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2005ರಲ್ಲಿಯೇ ಇದನ್ನು ಒಪ್ಪಿಕೊಂಡಿದೆ. ವ್ಯವಹಾರದ ಆರ್ಥಿಕ ನಷ್ಟದ ಅಪಾಯವನ್ನು ನಿಜವಾಗಿ ಹೊತ್ತವನು ಡೀಲರನೇ ಆಗಿದ್ದರೆ, ಉದಾಹರಣೆಗೆ ಹಳೆಯ ಒಡೆಯನಿಗೆ ಇಂತಿಷ್ಟು ಬೆಲೆ ಸಿಕ್ಕೇ ಸಿಗುತ್ತದೆಂದು ಅವನು ಖಾತರಿ ಕೊಟ್ಟಿದ್ದರೆ, ಆಗ ಮಾತ್ರ ಅದು ಕಾನೂನನ್ನು ತಪ್ಪಿಸಿಕೊಳ್ಳುವ ಉಪಾಯವೆಂದು ಎಣಿಸಲಾಗುತ್ತದೆ. ಡೀಲರ್ ಮತ್ತು ಹಳೆಯ ಒಡೆಯನ ನಡುವೆ ಏನು ಮಾತುಕತೆ ನಡೆದಿತ್ತೆಂಬುದನ್ನು ನಿನ್ನೆ ಮೊನ್ನೆ ಬಂದ ನಾವು ಎಲ್ಲಿಂದ ಹುಡುಕಿ ತರುವುದು?

ನನ್ನ ಕಥೆಯನ್ನು ಲೆಕ್ಕದ ಸಮೇತ ಹೇಳುತ್ತೇನೆ. ಎಂಟು ವರ್ಷ ಹಳೆಯದಾದ, ಮೂರು ಲೀಟರ್ ಡೀಸೆಲ್ ಎಂಜಿನ್ನಿನ ಕಾರನ್ನು 16,500 ಯೂರೋಗೆ ಕೊಂಡೆ. ಹೊಸದಾಗಿದ್ದಾಗ ಅದರ ಬೆಲೆ ಎಪ್ಪತ್ತು ಸಾವಿರದ ಹತ್ತಿರವಿತ್ತು. ನಾಲ್ಕನೆಯ ತಿಂಗಳಿನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಕಾರಿನ ಮುಂಭಾಗ ನೆಲಕ್ಕೆ ಕುಸಿದು ನಿಂತಿತ್ತು: ಏರ್ ಸಸ್ಪೆನ್ಷನ್ ಗಾಳಿ ಬಿಟ್ಟಿತ್ತು. ಕಂಪ್ರೆಸರ್ ಮತ್ತು ಮುಂದಿನ ಎರಡು ಏರ್ ಸ್ಪ್ರಿಂಗ್‌ಗಳಿಗೆ 2,940 ಯೂರೋ ಆಯಿತು. ಡೀಲರನ ಬಳಿ ಹೋದಾಗ ಅವನು ಕರಾರನ್ನು ತೆಗೆದು ಆ ಎರಡು ಪದಗಳ ಕೆಳಗೆ ಬೆರಳಿಟ್ಟ. ವಕೀಲರ ಮೊದಲ ಸಲಹೆಗೆ ತೆರಿಗೆ ಸೇರಿ 226 ಯೂರೋ ಕೊಟ್ಟೆ. ಗೆಲ್ಲುವ ಭರವಸೆ ಕೊಡಲಾಗುವುದಿಲ್ಲವೆಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಹನ್ನೊಂದನೆಯ ತಿಂಗಳಿನಲ್ಲಿ ಬೆಳಗಿನ ಹೊತ್ತು ಎಂಜಿನ್ ಶುರು ಮಾಡಿದಾಗ ಸರಪಳಿ ಉಜ್ಜುವಂಥ ಶಬ್ದ ಬರತೊಡಗಿತು. ಆ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇರುವುದು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ. ಆದ್ದರಿಂದ ಚೈನಿನ ಬೆಲೆಗಿಂತ ಅದನ್ನು ತಲುಪುವ ಕೂಲಿಯೇ ಹಲವು ಪಟ್ಟು ಹೆಚ್ಚು. ಆ ಬಿಲ್ಲಿನಲ್ಲಿ ಕೂಲಿ ಗಂಟೆಗೆ 178 ಯೂರೋ ಇತ್ತು, ಒಟ್ಟು 4,440. ಹದಿನಾಲ್ಕನೆಯ ತಿಂಗಳಿನಲ್ಲಿ ಕಾರನ್ನು 8,000ಕ್ಕೆ ಮಾರಿದೆ. ಬೆಲೆಯಲ್ಲಿ 8,500, ದುರಸ್ತಿಗೆ 7,380, ಎರಡೂ ಸೇರಿ 15,880. ತೆರಿಗೆ, ವಿಮೆ, ಡೀಸೆಲ್‌ಗಳನ್ನು ಬಿಟ್ಟೇ ತಿಂಗಳಿಗೆ ಸುಮಾರು 1,130 ಯೂರೋ. ತಂಗಿಯ ಮದುವೆಗೆಂದು ಊರಿಗೆ ಕಳಿಸಬೇಕಾಗಿದ್ದ ಹಣ ಅದು.

ಈ ಬಗೆಯ ಕಾರುಗಳ ಬಗ್ಗೆ ನಾವು ಮಾಡುವ ತಪ್ಪು ಊಹೆ ಒಂದಿದೆ. ತುಮಕೂರಿನಲ್ಲಿದ್ದಾಗ ನೋಡಿ ಆಸೆಪಟ್ಟಿದ್ದ ಕಾರು ಅಲ್ಲಿ ಚಿಕ್ಕ ಹೊಸ ಕಾರಿನ ಬೆಲೆಗೆ ಸಿಗುವಾಗ, ಅದರ ಖರ್ಚೂ ಚಿಕ್ಕ ಕಾರಿನಷ್ಟೇ ಇರುತ್ತದೆಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ ಹೊರತು ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹತ್ತು ಸಾವಿರಕ್ಕೆ ಕೊಂಡ ಕಾರಿಗೂ ಎಪ್ಪತ್ತು ಸಾವಿರದ ಕಾರಿನ ಹೆಡ್‌ಲೈಟನ್ನೇ ಹಾಕಬೇಕು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯ ವಿಷಯವೂ ಹೀಗೆಯೇ: ಅದನ್ನು ಜೀವಮಾನವಿಡೀ ಬದಲಿಸಬೇಕಿಲ್ಲವೆಂದು ಎಷ್ಟೋ ಕಾರುಗಳ ಕೈಪಿಡಿಗಳು ಸೂಚಿಸುತ್ತವೆ, ಆದರೆ ಅಂಥ ಗೇರ್‌ಬಾಕ್ಸ್‌ಗಳನ್ನು ತಯಾರಿಸುವ ಜೆಡ್.ಎಫ್. ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಲು ಸಲಹೆ ಕೊಡುತ್ತದೆ. ಹಳೆಯ ಒಡೆಯ ಬದಲಿಸಿದ್ದರೆ ಬಿಲ್ ಇರುತ್ತದೆ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಿರಿ.

ಡೀಲರ್ ತನ್ನ ಹೆಸರಿನಲ್ಲಿಯೇ ಮಾರಿದ ಕಾರು ಕೆಟ್ಟಾಗಲೂ ನಮ್ಮವರು ಹಕ್ಕನ್ನು ಕಳೆದುಕೊಳ್ಳುವ ಒಂದು ದಾರಿಯಿದೆ. ಊರಿನ ಅಭ್ಯಾಸದಂತೆ ಮೊದಲು ಪರಿಚಯದ ಗ್ಯಾರೇಜಿಗೆ ಹೋಗಿ ರಿಪೇರಿ ಮಾಡಿಸಿ, ಆಮೇಲೆ ಬಿಲ್ ಹಿಡಿದುಕೊಂಡು ಡೀಲರನ ಬಳಿ ಹೋಗುತ್ತಾರೆ. ದೋಷವನ್ನು ಸರಿಪಡಿಸುವ ಅವಕಾಶ ಮೊದಲು ಡೀಲರನಿಗೇ ಸಿಗಬೇಕೆಂಬುದು ಅಲ್ಲಿನ ನಿಯಮ. ಆ ಅವಕಾಶ ಕೊಡದೆ ನಾವೇ ರಿಪೇರಿ ಮಾಡಿಸಿಕೊಂಡರೆ ಸಾಮಾನ್ಯವಾಗಿ ಒಂದು ಯೂರೋ ಕೂಡ ಹಿಂದಿರುಗುವುದಿಲ್ಲ. ಮಧುಗಿರಿಯವರು ಎಡವಿದ್ದು ಮುಖ್ಯವಾಗಿ ಕರಾರಿನಲ್ಲಾದರೂ, ಅವರ ಮುಂದಿನ ಕಾರಿನಲ್ಲಿ ಇದೂ ಆಯಿತು. ಆದ್ದರಿಂದ ಕಾರು ಕೆಟ್ಟ ದಿನವೇ, ಬಾಯಿಮಾತಿನಲ್ಲಲ್ಲದೆ ಬರವಣಿಗೆಯಲ್ಲಿ, ದೋಷವನ್ನು ವಿವರಿಸಿ ಇಂತಿಷ್ಟು ದಿನದೊಳಗೆ ಸರಿಪಡಿಸಿಕೊಡಬೇಕೆಂದು ಡೀಲರನಿಗೆ ತಿಳಿಸಿ. ‘ಗರಾಂಟೀ’ ಎಂಬ ಬೇರೊಂದು ಕಾಗದವನ್ನೂ ಅವನು ಕೊಡಬಹುದು. ಅದು ಕಾನೂನಿನ ಹೊಣೆಯಲ್ಲ, ಮೂರನೆಯವರೊಬ್ಬರು ಕೊಡುವ ವಿಮೆಯ ಹಾಗೆ. ಕಿಲೋಮೀಟರ್ ಹೆಚ್ಚಿದಂತೆ ಬಿಡಿಭಾಗಗಳ ಬೆಲೆಯಲ್ಲಿ ನಮ್ಮ ಪಾಲು ಹೆಚ್ಚುತ್ತಾ ಹೋಗುವುದು ಅದರಲ್ಲಿ ಸಾಮಾನ್ಯ. ಗರಾಂಟೀ ಇದೆಯೆಂದು ಗೆವೇರ್‌ಲೈಸ್ಟುಂಗನ್ನು ಬಿಟ್ಟುಕೊಡಬೇಡಿ.

‘ಟ್ಯೂಫ್ ಹೊಸದು’ ಎಂಬ ಜಾಹೀರಾತೂ ನಮ್ಮವರನ್ನು ಸುಲಭವಾಗಿ ನಂಬಿಸುತ್ತದೆ. ಖಾಸಗಿ ಕಾರುಗಳಿಗೆ ಮೊದಲ ಬಾರಿ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ನಡೆಯುವ ಈ ತಪಾಸಣೆಯ ಬಗ್ಗೆ ನನಗೆ ಬಹಳ ಗೌರವವಿದೆ. ನಮ್ಮಲ್ಲಿ ಖಾಸಗಿ ಕಾರೊಂದು ನೋಂದಣಿಯಾದ ಮೇಲೆ ಹದಿನೈದು ವರ್ಷ ಯಾರೂ ಅದರ ಬ್ರೇಕನ್ನು ಪರೀಕ್ಷಿಸಿ ನೋಡುವುದಿಲ್ಲ. ಶಿರಾ ಕಡೆಯ ಹೆದ್ದಾರಿಯಲ್ಲಿ ರಾತ್ರಿ ಬರುವಾಗ ಒಂದೇ ದೀಪದ ವಾಹನಗಳನ್ನು ಕಂಡವರಿಗೆ ಜರ್ಮನರ ಪದ್ಧತಿಯೇ ಮೇಲೆಂದು ಬೇರೆ ಹೇಳಬೇಕಿಲ್ಲ. ಆದರೆ ಆ ತಪಾಸಣೆ ನೋಡುವುದು ರಸ್ತೆಯ ಸುರಕ್ಷತೆಯನ್ನು ಮತ್ತು ಹೊಗೆಯನ್ನು. ಗೇರ್‌ಬಾಕ್ಸ್ ಇನ್ನೆಷ್ಟು ದಿನ ಬಾಳುತ್ತದೆ, ಚೈನ್ ಸಡಿಲವಾಗಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅದರ ಹಳೆಯ ವರದಿಗಳು ಇನ್ನೊಂದು ಕೆಲಸಕ್ಕೆ ಬರುತ್ತವೆ: ಪ್ರತಿಯೊಂದರಲ್ಲಿಯೂ ಅಂದಿನ ಕಿಲೋಮೀಟರ್ ನಮೂದಾಗಿರುತ್ತದೆ. ಮೀಟರ್ ತಿರುಗಿಸುವುದು ಅಲ್ಲಿ 2005ರಿಂದ ಅಪರಾಧವಾದರೂ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಒಳ್ಳೆಯದು. ಎಂಜಿನ್, ಗೇರ್‌ಬಾಕ್ಸ್‌ಗಳ ಪರೀಕ್ಷೆಗೆ ಎ.ಡಿ.ಎ.ಸಿ., ಡೆಕ್ರಾದಂಥ ಸಂಸ್ಥೆಗಳಲ್ಲಿ ಹಣ ಕೊಟ್ಟು ಹಳೆಯ ಕಾರಿನ ತಪಾಸಣೆ ಮಾಡಿಸಿಕೊಳ್ಳಬಹುದು. ಅದಕ್ಕೆ ಒಪ್ಪದ ಮಾರಾಟಗಾರನ ಬಳಿ ಎರಡನೆಯ ಮಾತು ಬೇಡ.

ತೆರಿಗೆ ಊಹಿಸಲು ಸುಲಭ. ಕರ್ನಾಟಕದಲ್ಲಿ ಒಂದೇ ಸಲ ಆಜೀವ ತೆರಿಗೆ ಕಟ್ಟಿ ಮರೆತುಬಿಡುತ್ತೇವೆ. ಅಲ್ಲಿ ಪ್ರತಿ ವರ್ಷ ಕಟ್ಟಬೇಕು. ಡೀಸೆಲ್ ಎಂಜಿನ್ನಿನ ಪ್ರತಿ ನೂರು ಸಿ.ಸಿ.ಗೆ 9.50 ಯೂರೋ, ಪೆಟ್ರೋಲಿಗೆ 2 ಯೂರೋ. 2014ರಿಂದ 2020ರವರೆಗೆ ನೋಂದಣಿಯಾದ ಕಾರುಗಳಿಗೆ ಕಿಲೋಮೀಟರಿಗೆ 95 ಗ್ರಾಮಿಗಿಂತ ಹೆಚ್ಚಿನ ಪ್ರತಿ ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಇನ್ನೆರಡು ಯೂರೋ. 145 ಗ್ರಾಂ ಬಿಡುವ ಮೂರು ಲೀಟರ್ ಡೀಸೆಲ್ ಕಾರಿಗೆ ವರ್ಷಕ್ಕೆ 385 ಯೂರೋ ಆದರೆ, 104 ಗ್ರಾಂ ಬಿಡುವ ಒಂದು ಲೀಟರ್ ಪೆಟ್ರೋಲ್ ಕಾರಿಗೆ 38. ಹಳೆಯ ಕಾರು ಕೊಳ್ಳುವವನಿಗೆ ಈ ಪದ್ಧತಿಯೇ ನ್ಯಾಯವಾದದ್ದೆಂದು ನನಗನ್ನಿಸುತ್ತದೆ, ಏಕೆಂದರೆ ದೊಡ್ಡ ಎಂಜಿನ್ನಿನ ಭಾರ ಅವನಿಗೆ ಮೊದಲ ವರ್ಷವೇ ತಿಳಿಯುತ್ತದೆ. ಡೀಸೆಲ್ ಕಾರಾದರೆ ಹೊಗೆಯ ಮಾಲಿನ್ಯಕ್ಕೆ ಸಂಬಂಧಿಸಿದ ಅದರ ‘ಯೂರೋ’ ದರ್ಜೆಯನ್ನೂ ನೋಡಿ (ಇದು ಹಣದ ಯೂರೋ ಅಲ್ಲ); ಸ್ಟುಟ್‌ಗಾರ್ಟ್ ನಗರದಲ್ಲಿ 2019ರಿಂದ ಯೂರೋ 4 ಮತ್ತು ಅದಕ್ಕಿಂತ ಹಳೆಯ ಡೀಸೆಲ್ ಕಾರುಗಳಿಗೆ ನಿರ್ಬಂಧವಿದೆ.

ವಿಮೆಯಲ್ಲಿ, ಊರಿನಲ್ಲಿ ಹತ್ತು ವರ್ಷ ಅಪಘಾತವಿಲ್ಲದೆ ಓಡಿಸಿದ್ದೀರೆಂಬುದಕ್ಕೆ ಸಾಮಾನ್ಯವಾಗಿ ಬೆಲೆ ಸಿಗುವುದಿಲ್ಲ. ಅಪಘಾತವಿಲ್ಲದ ವರ್ಷಗಳ ದರ್ಜೆಯಲ್ಲಿ ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡಬೇಕು. ಕಾರಿನ ಮಾದರಿಗೂ ಒಂದು ದರ್ಜೆಯಿದ್ದು, ಶಕ್ತಿಶಾಲಿ ಕಾರುಗಳು ಅದರಲ್ಲಿ ಮೇಲಿರುತ್ತವೆ. ಎರಡೂ ಸೇರಿದಾಗ ಕಂತು ಭಾರವಾಗುತ್ತದೆ. ಆದ್ದರಿಂದ ಕಾರು ನೋಡಲು ಹೋಗುವ ಮೊದಲೇ ಆ ಮಾದರಿಯ ವಿಮೆಯ ಮೊತ್ತವನ್ನು ತಿಳಿದುಕೊಳ್ಳಿ. ‘ಫೋಲ್‌ಕಾಸ್ಕೊ’ ಎಂಬ ಪೂರ್ಣ ವಿಮೆ ಮಾಡಿಸಿದರೆ ಎಂಜಿನ್ ಕೆಟ್ಟರೂ ಹಣ ಬರುತ್ತದೆಂದು ಶಿರಾದವರು ನಂಬಿದ್ದರು. ಅದು ಅಪಘಾತದ ಹಾನಿಗೆ ಹಣ ಕೊಡುತ್ತದೆ, ತಾನಾಗಿ ಕೆಟ್ಟ ಯಂತ್ರಕ್ಕಲ್ಲ.

ರಿಪೇರಿಯ ವಿಷಯದಲ್ಲಿ ಮಾತ್ರ ನಾನು ತುಮಕೂರಿನ ಪರ. ಬಟವಾಡಿಯ ಒಬ್ಬ ಮೆಕ್ಯಾನಿಕ್ ಕೆಟ್ಟ ಭಾಗವನ್ನು ಬಿಚ್ಚಿ, ಒಳಗಿನ ಒಂದು ರಬ್ಬರ್ ಸೀಲ್ ಬದಲಿಸಿ, ಅದನ್ನೇ ಮತ್ತೆ ಹಾಕಿಕೊಡುತ್ತಾರೆ. ಅಲ್ಲಿನ ಅಧಿಕೃತ ವರ್ಕ್‌ಶಾಪಿನಲ್ಲಿ ನಾನು ಕಂಡಂತೆ ಇಡೀ ಭಾಗವನ್ನೇ ತೆಗೆದು ಹೊಸದನ್ನು ಹಾಕುತ್ತಾರೆ. ಒಂದೇ ಬ್ರ್ಯಾಂಡಿನ ಕೆಲಸ ಮಾಡುವ ಸಣ್ಣ ಸ್ವತಂತ್ರ ಗ್ಯಾರೇಜುಗಳು ಅಲ್ಲಿಯೂ ಇವೆ. ಕಾರು ಕೊಳ್ಳುವ ಮೊದಲೇ ಅಂಥದ್ದೊಂದನ್ನು ಹುಡುಕಿಟ್ಟುಕೊಳ್ಳಿ.

ಇನ್ನು ಸಹಿ ಹಾಕುವ ದಿನದ ವಿಷಯ. ಕರಾರನ್ನು ಹಿಂದಿನ ದಿನವೇ ಫೋನಿಗೆ ತರಿಸಿಕೊಂಡು, ಜರ್ಮನ್ ಚೆನ್ನಾಗಿ ಬಲ್ಲ ಒಬ್ಬರಿಂದ ಓದಿಸಿ. ಮಾರುವವರ ಜಾಗದಲ್ಲಿ ಡೀಲರನ ಸಂಸ್ಥೆಯ ಹೆಸರಿರಬೇಕು. ನಿಮ್ಮ ಹೆಸರಿನ ಮುಂದೆ ವ್ಯಾಪಾರಿ ಅಥವಾ ರಫ್ತುದಾರ ಎಂಬರ್ಥದ ಪದವಿದ್ದರೆ ಹೊಡೆದುಹಾಕಿಸಿ, ಏಕೆಂದರೆ ಗ್ರಾಹಕನಿಗಿರುವ ರಕ್ಷಣೆ ವ್ಯಾಪಾರಿಗಿಲ್ಲ. ಬಾಯಲ್ಲಿ ಹೇಳಿದ ‘ಅಪಘಾತವಾಗಿಲ್ಲ’ ಎಂಬ ಮಾತು ಕಾಗದದಲ್ಲಿಯೂ ಬರಲಿ. ನಮ್ಮಲ್ಲಿ ಸಾಲದ ಕಾರಾದರೆ ಆರ್.ಸಿ.ಯಲ್ಲಿ ಹೈಪೋಥಿಕೇಶನ್ ನಮೂದಿರುತ್ತದೆ, ಬ್ಯಾಂಕಿನ ಎನ್.ಒ.ಸಿ. ಕೇಳುವುದು ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ ನೋಂದಣಿ ಪತ್ರ ಎರಡು ಭಾಗದಲ್ಲಿರುತ್ತದೆ. ಕಾರಿನ ಮೇಲೆ ಸಾಲವಿದ್ದರೆ ಎರಡನೆಯ ಭಾಗ ಸಾಮಾನ್ಯವಾಗಿ ಬ್ಯಾಂಕಿನ ವಶದಲ್ಲಿರುತ್ತದೆ. ಆ ಎರಡನೆಯ ಭಾಗದ ಮೂಲಪ್ರತಿಯನ್ನು ಕೈಯಲ್ಲಿ ಹಿಡಿದು, ಅದರಲ್ಲಿನ ಚಾಸಿ ನಂಬರನ್ನು ಕಾರಿನ ಮೇಲಿರುವುದರೊಂದಿಗೆ ಒಂದೊಂದೇ ಅಕ್ಷರ ಹೋಲಿಸಿ ನೋಡುವವರೆಗೆ ಹಣ ಕೊಡಬೇಡಿ. ‘ನಾಳೆ ಅಂಚೆಯಲ್ಲಿ ಕಳಿಸುತ್ತೇನೆ’ ಎಂದರೆ, ಹಣವನ್ನೂ ನಾಳೆಯೇ ಕೊಡುತ್ತೇನೆಂದು ಹೇಳಿ ಎದ್ದು ಬನ್ನಿ.